ಊರಿನ ಮನೆಯ ಫೋನು: ಹೊರದೇಶಕ್ಕೆ ಹೊಸದಾಗಿ ಹೋದವರಿಗೆ

ಹೊರಡುವ ಮೊದಲು ಉಡುಪಿ, ಮಂಗಳೂರಿನ ಮನೆಗೆ ಇನ್ವರ್ಟರ್ ಹಾಕಿಸುತ್ತೇವೆ, ಕ್ಯಾಮರಾ ಕೂರಿಸುತ್ತೇವೆ. ಫೋನನ್ನು ಮಾತ್ರ ಹಾಗೇ ಬಿಟ್ಟು ಹೋಗುತ್ತೇವೆ. ಸಾಲ, ಇನ್ಶೂರೆನ್ಸ್, ಸೈಟು ಎಂದು ಅದು ಬಡಿದುಕೊಂಡಾಗಲೆಲ್ಲ ಮಕ್ಕಳದ್ದೇ ಇರಬೇಕೆಂದು ಅಮ್ಮ ಒದ್ದೆ ಕೈಯಲ್ಲೇ ಓಡಿ ಬರುತ್ತಾರೆ.

ಮಾರಾಟದ ಕರೆ ಬೇಡವೆಂದು ನೋಂದಾಯಿಸುವ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಎರಡು ನಿಮಿಷದ ಕೆಲಸ. ಅವರದೇ ಮೊಬೈಲಿನಿಂದ ಇಂಗ್ಲಿಷಿನಲ್ಲಿ ‘ಸ್ಟಾರ್ಟ್ 0’ ಎಂದು ಬರೆದು 1909ಕ್ಕೆ ಮೆಸೇಜ್ ಮಾಡಿ. 0820, 0824ರ ಲ್ಯಾಂಡ್‌ಲೈನಾದರೆ ಅದರಿಂದಲೇ 1909ಕ್ಕೆ ಕರೆ ಮಾಡಿ. ಬ್ಯಾಂಕಿನ ಒಟಿಪಿ ನಿಲ್ಲುವುದಿಲ್ಲ.

ಆಮೇಲೂ ಕರೆ ಬರುವುದುಂಟು. ಲಕ್ಕಿ ಡ್ರಾ ಚೀಟಿಯಲ್ಲೋ ಸಾಲದ ಅರ್ಜಿಯಲ್ಲೋ ಒಪ್ಪಿಗೆಗೆ ಟಿಕ್ ಹಾಕಿದ್ದರೆ ಆ ಕಂಪನಿಗೆ ಡಿಎನ್‌ಡಿ ತಡೆಯಾಗದು. ನೋಂದಾಯಿತ ಪ್ರಚಾರದ ಕರೆ 140ರಿಂದ ಶುರುವಾಗುತ್ತದೆ, ಬ್ಯಾಂಕಿನ ಸೇವೆಯ ಕರೆಗೆ 1600 ಇದೆ. ಸಾಮಾನ್ಯ ಹತ್ತಂಕಿಯ ಮೊಬೈಲಿನಿಂದ ಮಾರಾಟಕ್ಕೆ ಕರೆದವರನ್ನು ಬ್ಲಾಕ್ ಮಾಡಿ ಸುಮ್ಮನಾಗಬೇಡಿ, ನಾಳೆ ಇನ್ನೊಂದು ನಂಬರಿನಿಂದ ಬರುತ್ತಾರೆ. ನಂಬರು, ತಾರೀಕು ಬರೆದಿಟ್ಟು ಏಳು ದಿನದೊಳಗೆ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ದೂರು ಕೊಡಿ.

ನಿಜವಾಗಿ ಕಷ್ಟ ಇರುವುದು ನಮ್ಮ ಮಾತಿನ ರೂಢಿಯಲ್ಲಿ. “ಇವರು ಪೇಟೆಗೆ ಹೋಗಿದ್ದಾರೆ, ಸಂಜೆ ಮಾಡಿ” ಎಂದರೆ ಮನೆಯಲ್ಲಿ ಒಬ್ಬರೇ ಇದ್ದೇವೆಂದು ತಿಳಿಸಿ, ಮತ್ತೆ ಕರೆಯಲು ಹೊತ್ತನ್ನೂ ಕೊಟ್ಟಂತೆ. “ಮಗ ದುಬೈಯಲ್ಲಿದ್ದಾನೆ, ಅವನನ್ನು ಕೇಳಬೇಕು” ಎಂಬುದು ಅದಕ್ಕಿಂತ ಅಪಾಯ, ದುಡ್ಡಿರುವ ಮನೆ ಎಂದು ಗುರುತಾಗುತ್ತದೆ. “ಬೇಡ” ಎಂದು ಫೋನ್ ಇಟ್ಟರೆ ಸಾಕು. ಬಂದವರಿಗೆಲ್ಲ ಬೆಲ್ಲ-ನೀರು ಕೊಟ್ಟು ಬದುಕಿದವರಿಗೆ ಇದು ಸುಲಭವಲ್ಲ. ಗದರಬೇಡಿ, ಎದುರು ಕೂತು ನಾಲ್ಕು ಸಲ ಆಡಿಸಿ ತೋರಿಸಿ. “ಇವತ್ತು ರಾತ್ರಿ ಕರೆಂಟ್ ಕಟ್” ಎಂದು ಹೆದರಿಸಿದವರಿಗೆ ದುಡ್ಡು ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕೆಂದು ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆಯಿರಿ.

ಅಪರಿಚಿತ ನಂಬರುಗಳನ್ನೆಲ್ಲ ಸೈಲೆಂಟ್ ಮಾಡಿಟ್ಟರೆ ಆಸ್ಪತ್ರೆಯ ಕರೆಯೂ ರಿಂಗ್ ಆಗದು. ಮೊದಲು ಡಾಕ್ಟರು, ರಿಕ್ಷಾದವರು, ಗ್ಯಾಸಿನವರು, ತೆಂಗಿನಕಾಯಿ ಕೀಳುವವರು, ನೆರೆಮನೆಯವರು, ಎಲ್ಲರ ಹೆಸರೂ ಸೇವ್ ಆಗಲಿ. ನಿಮ್ಮ ನಂಬರನ್ನು ಪ್ಲಸ್ ಚಿಹ್ನೆ, ದೇಶದ ಕೋಡ್ ಸಮೇತ ಹಾಕಿ. ಅದಿಲ್ಲದೆ ಸೇವ್ ಮಾಡಿದರೆ ಹೆಸರು ಕಾಣಿಸದೆ, ಮಾರಾಟದವರೆಂದು ನಿಮ್ಮ ಕರೆಯನ್ನೇ ಕಟ್ ಮಾಡಿಯಾರು.

ದಿನವೂ ಒಂದೇ ಹೊತ್ತಿಗೆ ಕರೆ ಮಾಡಿ. ಆ ಹೊತ್ತು ಗೊತ್ತಿದ್ದರೆ ಉಳಿದ ರಿಂಗಿಗೆಲ್ಲ ಓಡಬೇಕಾಗಿಲ್ಲ. ಅಲ್ಲೇ ಹುಟ್ಟಿದ ಮಕ್ಕಳಿಗೆ ಅಜ್ಜಿಯ ತುಳು, ಕನ್ನಡ ಕಿವಿಗೆ ಬೀಳುವುದೂ ಆ ಹತ್ತು ನಿಮಿಷದಲ್ಲೇ. ಮಕ್ಕಳ ಕೈಗೂ ಫೋನ್ ಕೊಡಿ.