ಮನೆ ಬಿದ್ದಾಗ ಯಾರ ಹೆಸರೂ ಬಿಟ್ಟುಹೋಗದಿರಲಿ

ತೀರ್ಥಹಳ್ಳಿ, ಹೊಸನಗರದ ಕಡೆ ಮಣ್ಣಿನ ಗೋಡೆ ಮಳೆ ಸುರಿದ ದಿನವೇ ಬೀಳಬೇಕೆಂದಿಲ್ಲ. ನೀರು ಕುಡಿದು ಕುಡಿದು, ಮಳೆ ನಿಂತ ಮೇಲೂ ಕುಸಿಯುತ್ತದೆ. ಅಷ್ಟರಲ್ಲಿ ಸರ್ಕಾರಿ ಪರಿಹಾರಕ್ಕಾಗಿ ಮಾಡುವ ಹಾನಿಯ ಸರ್ವೆ ಮುಗಿದಿದ್ದರೆ? ಪಹಣಿ ಇದ್ದವರು ಹೇಗೋ ದಾರಿ ಮಾಡಿಕೊಳ್ಳುತ್ತಾರೆ. ಪರಿಹಾರದ ಪಟ್ಟಿಯಿಂದ ಜಾರುವವರು ತೋಟದ ಲೈನ್ ಮನೆಯವರು (ಮಾಲೀಕರು ಕಟ್ಟಿಸಿದ ಸಾಲುಮನೆಗಳ ಕೂಲಿಯವರು), ಮಲೆನಾಡಿನ ಬುಡಕಟ್ಟಿನವರಾದ ಹಸಲರ ಕೇರಿಯವರು, ಲಿಂಗನಮಕ್ಕಿ ಮುಳುಗಡೆಯ ನಂತರ ಕಾಡಂಚಿನಲ್ಲಿ ನೆಲೆನಿಂತವರು. ಸ್ತ್ರೀಶಕ್ತಿ ಸಂಘದವರೋ ಪಕ್ಕದ ಮನೆಯವರೋ ಮನಸ್ಸು ಮಾಡಿದರೆ ಇದನ್ನು ತಪ್ಪಿಸಬಹುದು.

1. ಮೇ ತಿಂಗಳಲ್ಲೇ ಕೇರಿಯ ಪ್ರತಿ ಮನೆಯ ಫೋಟೊ ತೆಗೆದಿಡಿ. ಒಳಗೋಡೆ, ಹೊರಗೋಡೆ, ಮಾಡು ಎಲ್ಲವೂ ಕಾಣಲಿ. ಕರೆಂಟ್ ಬಿಲ್, ರೇಷನ್ ಕಾರ್ಡ್, ಮನೆ ಕಂದಾಯದ ರಸೀದಿಯ ಫೋಟೊವೂ ಜೊತೆಗಿರಲಿ. ಅಸಲು ಪ್ರತಿ ಮಣ್ಣಿನಡಿ ಹೋದರೂ ಮೊಬೈಲಿನಲ್ಲಿ ಉಳಿದಿರುತ್ತದೆ.

2. ಮಹಜರಿನ ದಿನ, ಅಂದರೆ ಅಧಿಕಾರಿಗಳು ಬಂದು ಹಾನಿ ನೋಡಿ ಬರೆದುಕೊಳ್ಳುವ ದಿನ, ಮನೆಯವರು ಕೂಲಿಗೆ ಹೋಗದೆ ಅಲ್ಲೇ ಇರಬೇಕು. ಆ ದಿನದ ಕೂಲಿಯನ್ನು ಸಂಘವೇ ಕೊಟ್ಟರೆ ಒಳ್ಳೆಯದು. ಏನು ಬರೆದರು ಎಂದು ಓದಿಸಿಕೊಂಡೇ ಸಹಿ ಹಾಕಿ. ಒಂದೇ ಒಂದು ಪದ ಎಷ್ಟು ದುಬಾರಿ ನೋಡಿ: 2022-26ರ ಕೇಂದ್ರದ ದರಪಟ್ಟಿಯಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲಿನಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ ರೂಪಾಯಿ. 'ಗುಡಿಸಲು' ಎಂದು ಬರೆದರೆ ಬರೀ 8,000! ಕಚ್ಚಾ ಮನೆಗೆ 'ಭಾಗಶಃ ಹಾನಿ' ಎಂದರೆ 4,000. ರಾಜ್ಯ ಇದರ ಮೇಲೆ ಕೊಡುವುದು ಬೇರೆ. ಮಣ್ಣಿನ ಗೋಡೆ, ಹೆಂಚಿನ ಮಾಡು, ನಾಲ್ಕು ಅಂಕಣದ ಮನೆ ಗುಡಿಸಲಾಗುವುದು ಹೇಗೆ? ಅಲ್ಲೇ ಕೇಳಿ. ಸರ್ವೆಯ ನಂತರ ಗೋಡೆ ಕುಸಿದರೆ ಅವತ್ತೇ ಹೊಸ ಫೋಟೊ, ಹೊಸ ಅರ್ಜಿ. ಸ್ವೀಕೃತಿ ಚೀಟಿ ಮಾತ್ರ ಬಿಡಬೇಡಿ.

3. ಅಧಿಕೃತ ಮನೆಗೆ ಮಾತ್ರ ಪರಿಹಾರ ಎನ್ನುವ ಷರತ್ತೇ ಬಡವರಿಗೆ ದೊಡ್ಡ ಗೋಡೆ. ಸರ್ಕಾರಿ ಜಾಗದಲ್ಲಿದ್ದರೆ ಮನೆ ಸಕ್ರಮ ಮಾಡಿಕೊಡುವ ಭೂಕಂದಾಯ ಕಾಯ್ದೆಯ 94-ಸಿ ಕಲಂ, ಕಾಡಿನ ಜಾಗದಲ್ಲಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆ ಅನ್ವಯಿಸುತ್ತದೆಯೇ ನೋಡಿ. ಇದು ಮಳೆಗಾಲದಲ್ಲಿ ಮುಗಿಯುವ ಕೆಲಸವಲ್ಲ, ಬೇಸಿಗೆಯಲ್ಲೇ ಶುರುಮಾಡಿ. ಲೈನ್ ಮನೆಯದು ಇನ್ನೂ ಕಷ್ಟ. ಗೋಡೆ ಮಾಲೀಕರದು, ಒಳಗಿನ ಪಾತ್ರೆ-ಬಟ್ಟೆ ಕೂಲಿಯವರದು. ಅವುಗಳ ನಷ್ಟವನ್ನು ಬೇರೆಯಾಗಿಯೇ ಬರೆಸಿ.

4. ಪಟ್ಟಿಯನ್ನು ಪಂಚಾಯಿತಿ ಬೋರ್ಡಿಗೆ ಹಾಕಿಸಿ, ಗ್ರಾಮಸಭೆಯಲ್ಲಿ ಜೋರಾಗಿ ಓದಿಸಿ. ಯಾರ ಹೆಸರು ಬಿಟ್ಟಿದೆ ಎಂದು ಊರಿಗೇ ಗೊತ್ತಿರುತ್ತದೆ, ಅಲ್ವಾ? ವಿಪತ್ತು ನಿರ್ವಹಣಾ ಕಾಯ್ದೆ, 2005ರ 61ನೇ ಕಲಂ ಪ್ರಕಾರ ಪರಿಹಾರದಲ್ಲಿ ಜಾತಿ, ಧರ್ಮ, ಲಿಂಗದ ಭೇದ ಮಾಡುವಂತಿಲ್ಲ. ಅರ್ಜಿಯಲ್ಲಿ ಅದನ್ನು ಬರೆಯಿರಿ. ನೆರೆ ಸಂತ್ರಸ್ತರಿಗೆ ಉಚಿತ ವಕೀಲರ ನೆರವೂ ಉಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

5. ಹಣ ಕಂತಿನಲ್ಲಿ ಬರುವುದಾದರೆ ಪಾಯದ ಹಂತದಲ್ಲೇ ಬಡವರು ಸಾಲಕ್ಕೆ ಬೀಳುತ್ತಾರೆ. ಇಲ್ಲಿ ನಮ್ಮ ಹಳೆಯ ಮುಯ್ಯಾಳು ಪದ್ಧತಿ ಚೆನ್ನಾಗಿ ಒದಗುತ್ತದೆ. ಈ ವಾರ ಒಬ್ಬರ ಪಾಯ, ಮುಂದಿನ ವಾರ ಇನ್ನೊಬ್ಬರದು. ಗಂಡಸರಿಲ್ಲದ ಮನೆಯಿಂದಲೇ ಶುರುವಾಗಲಿ.