ಮಿಶಿಗನ್ ತಂಡದ 2024ರ ಋತುವನ್ನು ವಿಡಿಯೊ ಗೇಮ್‌ನಲ್ಲಿ ಮೊದಲೇ ಆಡಿಸಿ ನೋಡಿದ ನನ್ನ ಅನುಭವ

ವಿಡಿಯೊ ಗೇಮ್‌ನಲ್ಲಿ ಒಂದು ಕಾಲೇಜು ತಂಡದ ಇಡೀ ಋತುವನ್ನು ಕಂಪ್ಯೂಟರಿನಿಂದಲೇ ಆಡಿಸಿ, ಈ ಸಲ ನಮ್ಮ ತಂಡ ಇಂತಿಷ್ಟು ಪಂದ್ಯ ಗೆಲ್ಲುತ್ತದೆ ಎಂದು ಹೇಳುವ ಹವ್ಯಾಸ ಅಮೆರಿಕದ ಫುಟ್‌ಬಾಲ್ ಅಭಿಮಾನಿಗಳಲ್ಲಿ ಹಳೆಯದು. ಬಹಳ ಮಂದಿ ಒಂದೇ ಸಲ ಆಡಿಸಿ, ಬಂದ ಫಲಿತಾಂಶವನ್ನೇ ಭವಿಷ್ಯವೆಂದು ಮುಂದಿಡುತ್ತಾರೆ. ಡೆಟ್ರಾಯಿಟ್ ಸಮೀಪದಲ್ಲಿ ನೆಲೆಸಿ ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಮಿಶಿಗನ್ ವಿಶ್ವವಿದ್ಯಾಲಯದ ತಂಡದ ಮೇಲೆ ಅಭಿಮಾನವೂ ಇದೆ, ಅಂಕಿಸಂಖ್ಯೆಗಳ ಮೇಲೆ ಪ್ರೀತಿಯೂ ಇದೆ. ಹೀಗಾಗಿ 2024ರ ಆಗಸ್ಟ್‌ನಲ್ಲಿ ಇದೇ ಕೆಲಸವನ್ನು ಸ್ವಲ್ಪ ಕ್ರಮಬದ್ಧವಾಗಿ ಮಾಡಿ ನೋಡಿದೆ. ಹೇಗೆ ಮಾಡಿದೆ, ಅದರಿಂದ ಏನು ತಿಳಿಯಿತು, ಏನು ತಿಳಿಯಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಯತ್ನಗಳಿರುತ್ತವೆ. ಬಹುತೇಕ ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಕೈಗೆ. ಅದನ್ನು ಎಸೆಯಬೇಕೋ, ಓಡುವವನ ಕೈಗೆ ಕೊಡಬೇಕೋ, ತಾನೇ ಹಿಡಿದು ಓಡಬೇಕೋ ಎಂಬುದು ಅವನ ಮೂಲಕವೇ ನಡೆಯುತ್ತದೆ. ಕಾಲೇಜು ತಂಡವೊಂದಕ್ಕೆ ಋತುವಿನಲ್ಲಿ ಇರುವುದು 12 ನಿಯಮಿತ ಪಂದ್ಯಗಳು ಮಾತ್ರ. ಇಷ್ಟು ಚಿಕ್ಕ ಋತುವಿನಲ್ಲಿ ಅದೃಷ್ಟದ ಪಾಲು ದೊಡ್ಡದಾಗಿರುತ್ತದೆ ಎಂಬುದನ್ನು ಮುಂದಿನ ಲೆಕ್ಕಗಳಿಗಾಗಿ ನೆನಪಿಟ್ಟುಕೊಳ್ಳಬೇಕು.

ಮಿಶಿಗನ್ ತಂಡ 2023ರ ಋತುವಿನಲ್ಲಿ, ನಿಯಮಿತ ಪಂದ್ಯಗಳೂ ಅವುಗಳ ನಂತರದವೂ ಸೇರಿ, ಆಡಿದ 15 ಪಂದ್ಯಗಳನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಅದಾದ ಮೇಲೆ ತರಬೇತುದಾರ ಜಿಮ್ ಹಾರ್ಬಾ ವೃತ್ತಿಪರ ಲೀಗ್‌ಗೆ ಹೋದರು, ಅವರ ಸಹಾಯಕರಾಗಿದ್ದ ಶೆರೋನ್ ಮೂರ್ ಮುಖ್ಯ ತರಬೇತುದಾರರಾದರು, ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಸೇರಿದಂತೆ 13 ಆಟಗಾರರನ್ನು ವೃತ್ತಿಪರ ತಂಡಗಳು ಆರಿಸಿಕೊಂಡವು. ಆದರೂ ಅಸೋಸಿಯೇಟೆಡ್ ಪ್ರೆಸ್ (ಎಪಿ) ಸುದ್ದಿಸಂಸ್ಥೆಯ ಋತುವಿಗೆ ಮುಂಚಿನ ಶ್ರೇಯಾಂಕದಲ್ಲಿ ತಂಡಕ್ಕೆ 9ನೆಯ ಸ್ಥಾನ ಸಿಕ್ಕಿತ್ತು. ಅಷ್ಟು ಜನ ಹೋದ ಮೇಲೂ ಅಷ್ಟು ಎತ್ತರದ ಸ್ಥಾನ ನ್ಯಾಯವೇ ಎಂಬ ಪ್ರಶ್ನೆಯೇ ನನ್ನನ್ನು ಈ ಕೆಲಸಕ್ಕೆ ಹಚ್ಚಿತು.

ಸಾಧನವೂ ಅದೇ ಬೇಸಿಗೆಯಲ್ಲಿ ಕೈಗೆ ಬಂತು. ಇಎ ಸ್ಪೋರ್ಟ್ಸ್ ಕಾಲೇಜ್ ಫುಟ್‌ಬಾಲ್ 25 ಬಿಡುಗಡೆಯಾದದ್ದು 2024ರ ಜುಲೈ 19ರಂದು. ಅದಕ್ಕೆ ಹಿಂದಿನ ಆವೃತ್ತಿ ಬಂದದ್ದು 2013ರಲ್ಲಿ. ಆಟಗಾರರ ಹೋಲಿಕೆಯನ್ನು ಅವರಿಗೆ ಹಣ ಕೊಡದೆ ಬಳಸಲಾಗುತ್ತಿದೆ ಎಂದು ಹಿಂದಿನ ಬ್ಯಾಸ್ಕೆಟ್‌ಬಾಲ್ ಆಟಗಾರ ಎಡ್ ಓಬ್ಯಾನನ್ ಹೂಡಿದ್ದ ಮೊಕದ್ದಮೆಯ ಪರಿಣಾಮವಾಗಿ ಆ ಸರಣಿ ನಿಂತುಹೋಗಿತ್ತು. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಬಹುದೆಂದಾದ ಮೇಲೆ ದಾರಿ ತೆರೆಯಿತು. ಒಪ್ಪಿಗೆ ಕೊಟ್ಟ ಆಟಗಾರರಿಗೆ ತಲಾ 600 ಡಾಲರ್ ಮತ್ತು ಗೇಮ್‌ನ ಒಂದು ಪ್ರತಿ ಸಿಕ್ಕಿತು. ನನ್ನ ಕೆಲಸಕ್ಕೆ ಇದರಿಂದಾದ ಪ್ರಯೋಜನವೆಂದರೆ, 134 ತಂಡಗಳ ನಿಜವಾದ ಆಟಗಾರರು, ಅವರವರ ಹೆಸರಿನಲ್ಲಿ, ವೇಗ, ಬಲ, ಎಸೆತದ ನಿಖರತೆ ಮೊದಲಾದವುಗಳಿಗೆ ಪ್ರತ್ಯೇಕ ರೇಟಿಂಗ್‌ಗಳೊಂದಿಗೆ ಒಂದೇ ಕಡೆ ದೊರೆತರು.

ಈ ಗೇಮ್ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್‌ನ ಹೊಸ ಕನ್ಸೋಲ್‌ಗಳಲ್ಲಿ ಮಾತ್ರ ನಡೆಯುತ್ತದೆ, ಪಿಸಿಯಲ್ಲಿ ಇಲ್ಲ. ಹಾಗಾಗಿ ಒಂದು ಸ್ಕ್ರಿಪ್ಟ್ ಬರೆದು ರಾತ್ರಿಯಿಡೀ ಓಡಿಸುವ ಅನುಕೂಲ ಇರಲಿಲ್ಲ. ಪ್ರತಿ ಋತುವನ್ನೂ ಗುಂಡಿ ಒತ್ತಿ ಮುಂದೂಡಿ, ಪ್ರತಿ ಸ್ಕೋರನ್ನೂ ಕೈಯಾರೆ ಸ್ಪ್ರೆಡ್‌ಶೀಟ್‌ಗೆ ತುಂಬಬೇಕಿತ್ತು. ನಾನು ಬಳಸಿದ್ದು ಡೈನಾಸ್ಟಿ ಎಂಬ ವಿಭಾಗವನ್ನು. ಅದರಲ್ಲಿ ಮಿಶಿಗನ್ ತಂಡದ ಹೊಣೆ ತೆಗೆದುಕೊಂಡು, ಮೊದಲ ಪಂದ್ಯಕ್ಕೂ ಮುಂಚಿನ ಸ್ಥಿತಿಯನ್ನು ಸೇವ್ ಮಾಡಿಟ್ಟುಕೊಂಡೆ. ಪ್ರತಿ ಸಲವೂ ಅದೇ ಫೈಲನ್ನು ಮತ್ತೆ ತೆರೆದು, ಒಂದು ಪಂದ್ಯವನ್ನೂ ನಾನು ಆಡದೆ, ವಾರದಿಂದ ವಾರಕ್ಕೆ ಸಿಮ್ಯುಲೇಟ್ ಮಾಡಿಸುತ್ತಾ ಹೋದೆ. ಮೊದಲ ಋತುವನ್ನು ದಾಟಿ ಒಂದು ವಾರವೂ ಮುಂದೆ ಹೋಗಲಿಲ್ಲ, ಏಕೆಂದರೆ ಎರಡನೆಯ ಋತುವಿನಿಂದ ಗೇಮ್ ತಾನೇ ಹುಟ್ಟಿಸಿದ ಆಟಗಾರರು ತಂಡಗಳಿಗೆ ಸೇರುತ್ತಾರೆ. ಅಲ್ಲಿಂದಾಚೆಗೆ ಅದು ಗೇಮ್‌ನದೇ ಲೋಕ, ಮಿಶಿಗನ್ ವಿಶ್ವವಿದ್ಯಾಲಯವಿರುವ ಆನ್ ಆರ್ಬರ್ ಊರಿನ ನಿಜವಾದ ತಂಡಕ್ಕೂ ಅದಕ್ಕೂ ಸಂಬಂಧವಿಲ್ಲ. ಋತುವಿನ ನಡುವೆ ಬರುವ ರೇಟಿಂಗ್ ಪರಿಷ್ಕರಣೆಗಳನ್ನೂ ಬಳಸಲಿಲ್ಲ. ಆಗಸ್ಟ್‌ನಲ್ಲಿ ಹೇಳುವ ಭವಿಷ್ಯಕ್ಕೆ ಆಗಸ್ಟ್‌ನಲ್ಲಿ ಗೊತ್ತಿದ್ದಷ್ಟೇ ಆಧಾರವಾಗಿರಬೇಕು.

ಋತುವಿನ ಕೊನೆಯ ಗೆಲುವು-ಸೋಲಿನ ಲೆಕ್ಕವನ್ನು ನಾನು ನೇರವಾಗಿ ಬಳಸಿಕೊಳ್ಳಲಿಲ್ಲ. 12 ಪಂದ್ಯಗಳಿಗೂ ಒಂದೊಂದು ಕಾಲಂ ಇಟ್ಟು, ಋತುವನ್ನು ಆಡಿಸಿದ ಎಲ್ಲ ಸಲಗಳಲ್ಲಿ ಆ ಪಂದ್ಯವನ್ನು ಮಿಶಿಗನ್ ಶೇಕಡ ಎಷ್ಟು ಸಲ ಗೆದ್ದಿದೆ ಎಂದು ನೋಡಿದೆ. ಆ 12 ಸಂಭವನೀಯತೆಗಳ ಮೊತ್ತವೇ ನಿರೀಕ್ಷಿತ ಗೆಲುವುಗಳ ಸಂಖ್ಯೆ. ಅದು ಎಂಟೂವರೆಯ ಆಸುಪಾಸಿಗೆ ಬಂದು ನಿಂತಿತು. ಆದರೆ ಇಲ್ಲಿ ಸರಾಸರಿಗಿಂತ ಹರವು ಮುಖ್ಯ. 12 ಪಂದ್ಯಗಳ ಋತುವಿನಲ್ಲಿ, ಪಂದ್ಯಗಳು ಒಂದರ ಮೇಲೊಂದು ಅವಲಂಬಿಸಿಲ್ಲವೆಂದು ಭಾವಿಸಿದರೂ, ಪ್ರಮಾಣಿತ ವಿಚಲನೆ (ಫಲಿತಾಂಶ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಅತ್ತಿತ್ತ ಹೋಗುತ್ತದೆ ಎಂಬ ಅಳತೆ) ಸುಮಾರು ಒಂದೂವರೆ ಗೆಲುವಿನಷ್ಟಿರುತ್ತದೆ. ಅಂದರೆ ಒಂದೇ ತಂಡ, ಅದೇ ಸಾಮರ್ಥ್ಯದಲ್ಲಿ, ಒಂದು ವರ್ಷ ಏಳು ಗೆದ್ದು ಇನ್ನೊಂದು ವರ್ಷ ಹತ್ತು ಗೆಲ್ಲುವುದು ತೀರಾ ಸಹಜ. ಒಂದೇ ಸಲ ಆಡಿಸಿ ಭವಿಷ್ಯ ಹೇಳುವವರ ಮೇಲೆ ನನಗೆ ವಿಶ್ವಾಸ ಬಾರದಿರುವುದು ಇದಕ್ಕೇ. ಹತ್ತು ಸಲ ಓಡಿಸಿದರೆ ಸಮಬಲದ ಪಂದ್ಯವೊಂದರ ಸಂಭವನೀಯತೆಯಲ್ಲಿ ಶೇಕಡ 16ರಷ್ಟು ಅನಿಶ್ಚಿತತೆ ಉಳಿದಿರುತ್ತದೆ, ನೂರು ಸಲ ಓಡಿಸಿದರೆ ಅದು ಶೇಕಡ 5ಕ್ಕೆ ಇಳಿಯುತ್ತದೆ.

ಈ ಲೆಕ್ಕ ಸಮಾಧಾನ ಕೊಡುವಂತೆ ಕಾಣುತ್ತದೆ, ಆದರೆ ಅದು ಅರ್ಧ ಸತ್ಯ. ಹೆಚ್ಚು ಸಲ ಓಡಿಸಿದಷ್ಟೂ ಕಡಮೆಯಾಗುವುದು ಅದೃಷ್ಟದ ಗದ್ದಲ ಮಾತ್ರ, ರೇಟಿಂಗ್‌ನಲ್ಲಿರುವ ತಪ್ಪು ಎಳ್ಳಷ್ಟೂ ಕರಗುವುದಿಲ್ಲ. ತೂಕದ ಕಲ್ಲೇ ಸವೆದಿದ್ದರೆ ನೂರು ಸಲ ತೂಗಿದರೂ ಸರಿಯಾದ ತೂಕ ಸಿಗದು. ರೇಟಿಂಗ್ ಎಂಬುದು ಗೇಮ್ ತಯಾರಕರು ಹಿಂದಿನ ವರ್ಷದ ಆಟವನ್ನು ನೋಡಿ ಕೊಟ್ಟ ಅಂದಾಜು. ಹಿಂದೆ ಹೆಚ್ಚು ಆಡಿರದ ಆಟಗಾರನ ವಿಷಯದಲ್ಲಿ ಆ ಅಂದಾಜಿಗೆ ಆಧಾರವೇ ತೆಳು. ಒಬ್ಬ ಕ್ವಾರ್ಟರ್‌ಬ್ಯಾಕ್‌ನ ರೇಟಿಂಗ್ ಹೆಚ್ಚಾಗಿ ಹಾಕಿದ್ದರೆ ಆ ತಪ್ಪು ಒಂದು ಪಂದ್ಯದಲ್ಲಿ ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ ಹೋಗಿ ಸರಿದೂಗುವುದಿಲ್ಲ, ಹನ್ನೆರಡೂ ಪಂದ್ಯಗಳನ್ನು ಒಂದೇ ದಿಕ್ಕಿಗೆ ಎಳೆಯುತ್ತದೆ. ಹೀಗಾಗಿ ತಂಡ ಎಷ್ಟು ಗೆಲ್ಲುತ್ತದೆ ಎಂದು ಕೇಳುವುದನ್ನು ಬಿಟ್ಟು, ಯಾವ ರೇಟಿಂಗ್ ತಪ್ಪಾದರೆ ಋತು ಎಷ್ಟು ಕದಲುತ್ತದೆ ಎಂದು ಕೇಳಲು ಶುರುಮಾಡಿದೆ. ಈ ಇಡೀ ಪ್ರಯತ್ನದಲ್ಲಿ ನಿಜವಾಗಿ ಫಲ ಕೊಟ್ಟದ್ದು ಆ ಪ್ರಶ್ನೆ.

ಆಟಗಾರರ ರೇಟಿಂಗನ್ನು ಕದಲಿಸದೆ ಇದನ್ನು ಪರೀಕ್ಷಿಸಲು ಒಂದು ಸರಳ ದಾರಿಯಿದೆ. ಯಾವ ಸ್ಥಾನದಲ್ಲಿ ಯಾರು ಮೊದಲು ಆಡಬೇಕು ಎಂಬ ಪಟ್ಟಿಯನ್ನು, ಅಂದರೆ ಡೆಪ್ತ್ ಚಾರ್ಟ್ ಅನ್ನು ಬದಲಿಸಿ, ಪಟ್ಟಿ ತಾನಾಗಿ ಮರುಜೋಡಣೆಯಾಗದಂತೆ ನೋಡಿಕೊಂಡರೆ ಸಾಕು. ಒಂದೊಂದೇ ಸ್ಥಾನದಲ್ಲಿ ಮೊದಲನೆಯವನನ್ನು ಹೊರಗೆ ಕೂರಿಸಿ ಕೆಳಗಿನವನನ್ನು ಆಡಿಸಿದೆ. ರಕ್ಷಣಾ ಸಾಲಿನಲ್ಲಿ ಒಬ್ಬನನ್ನು ಬದಲಿಸಿದಾಗ ಗೆಲುವಿನ ಸರಾಸರಿ ಹೆಚ್ಚುಕಡಮೆ ಅಲ್ಲೇ ಉಳಿಯಿತು. ಎದುರಾಳಿಯ ಎಸೆತಗಳನ್ನು ತಡೆಯುವ ಕಾರ್ನರ್‌ಬ್ಯಾಕ್ ವಿಲ್ ಜಾನ್ಸನ್ ಅವರಂಥ ಶ್ರೇಷ್ಠ ಆಟಗಾರನನ್ನು ಹೊರಗಿಟ್ಟಾಗಲೂ ಇಳಿಕೆ ನಾನು ಎಣಿಸಿದ್ದಕ್ಕಿಂತ ಚಿಕ್ಕದಿತ್ತು. ಆದರೆ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಕೆಳಗಿನವರನ್ನು ಇಳಿಸಿದಾಗ ಎಂಟೂವರೆ ಇದ್ದದ್ದು ಏಳಕ್ಕಿಂತ ತುಸು ಮೇಲಕ್ಕೆ ಬಂದು ನಿಂತಿತು. ಆ ಇಳಿಕೆಯೂ ಎಲ್ಲ ಪಂದ್ಯಗಳಲ್ಲಿ ಸಮನಾಗಿ ಹರಡಿರಲಿಲ್ಲ: ಟೆಕ್ಸಸ್, ಆರೆಗಾನ್, ಒಹಾಯೊ ಸ್ಟೇಟ್ ವಿರುದ್ಧದ ಕಠಿಣ ಪಂದ್ಯಗಳು ಮೊದಲೇ ಕಷ್ಟವಾಗಿದ್ದವು, ಜಾರಿದವು ವಾಷಿಂಗ್ಟನ್, ಇಲಿನಾಯ್ ತಂಡಗಳ ಅಂಗಳಕ್ಕೆ ಹೋಗಿ ಆಡಬೇಕಿದ್ದಂಥ, ಗೆಲ್ಲಬಹುದು ಎನಿಸುತ್ತಿದ್ದ ನಡುವಣ ಪಂದ್ಯಗಳು.

ಸಿಮ್ಯುಲೇಶನ್ ಹೇಗೆ ಯೋಚಿಸುತ್ತದೆ ಎಂದು ತಿಳಿಯಲು ಕೆಲವು ಪಂದ್ಯಗಳನ್ನು ಕಂಪ್ಯೂಟರ್ ಎರಡೂ ಕಡೆ ಆಡುವಂತೆ ಬಿಟ್ಟು, ಕೂತು ನೋಡಿದೆ. ಟೆಕ್ಸಸ್ ವಿರುದ್ಧದ ಪಂದ್ಯದಲ್ಲಿ ಮೂರನೆಯ ಯತ್ನಕ್ಕೆ ಎಂಟು ಗಜ ಬೇಕಿದ್ದಾಗ ಗೇಮ್‌ನ ಮಿಶಿಗನ್ ಹಿಂಜರಿಕೆಯಿಲ್ಲದೆ ಚೆಂಡನ್ನು ದೂರಕ್ಕೆ ಎಸೆಯುತ್ತಿತ್ತು. ಎಸೆತ ತಪ್ಪಿದ ಮೇಲೂ, ಮರಳಿ ಚೆಂಡು ಸಿಕ್ಕಾಗ ಮತ್ತೆ ಹಾಗೆಯೇ ಎಸೆಯುತ್ತಿತ್ತು. ನಿಜವಾದ ತರಬೇತುದಾರ ತನ್ನ ಎಸೆತಗಾರನ ಮೇಲೆ ಭರವಸೆ ಕಳೆದುಕೊಂಡರೆ ಆಟದ ಯೋಜನೆಯನ್ನೇ ಬದಲಿಸುತ್ತಾನೆ. ನಾನು ನೋಡಿದ ಪಂದ್ಯಗಳಲ್ಲಿ ಕಂಪ್ಯೂಟರ್ ಹಾಗೆ ಬದಲಿಸಿದ್ದು ಕಾಣಲಿಲ್ಲ. ಕ್ರೀಡಾಂಗಣದ ಗದ್ದಲದ ವಿಷಯದಲ್ಲೂ ಇಂಥದೇ ಒಂದು ಕೊರತೆಯಿದೆ. ಎದುರಾಳಿಯ ಅಂಗಳದಲ್ಲಿ ಆಡುವಾಗ ಈ ಗೇಮ್‌ನಲ್ಲಿ ಪರದೆ ನಡುಗುತ್ತದೆ, ಆಟಗಾರರು ಓಡಬೇಕಾದ ದಾರಿಯ ಗೆರೆಗಳು ಕಲಸಿಹೋಗುತ್ತವೆ. ಕೈಯಲ್ಲಿ ಕಂಟ್ರೋಲರ್ ಹಿಡಿದವನಿಗೆ ಇದು ನಿಜವಾದ ತೊಡಕು, ಆದರೆ ಎರಡೂ ಕಡೆ ಕಂಪ್ಯೂಟರೇ ಆಡುವಾಗ ಪರದೆ ನೋಡಿ ಗಲಿಬಿಲಿಗೊಳ್ಳುವವರು ಯಾರೂ ಇಲ್ಲ. ಹೊರಗಿನ ಊರಿನ ಪಂದ್ಯಗಳ ಸಂಭವನೀಯತೆಯನ್ನು ನಾನು ಸ್ವಲ್ಪ ಕೆಳಗಿಳಿಸಿ ಓದಿಕೊಂಡದ್ದು ಈ ಕಾರಣದಿಂದ.

ಹೀಗೆ ನೋಡುವಾಗ ಸಮಯದ ಹೊಂದಿಕೆಯನ್ನೂ ಗಮನಿಸಬೇಕು. ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದಾದ ಕ್ವಾರ್ಟರಿನ ಅವಧಿ ಚಿಕ್ಕದಾದಷ್ಟೂ ಯತ್ನಗಳ ಸಂಖ್ಯೆ ಕಡಮೆಯಾಗುತ್ತದೆ. ಯತ್ನಗಳು ಕಡಮೆಯಾದಷ್ಟೂ ದುರ್ಬಲ ತಂಡಕ್ಕೆ ಅನಿರೀಕ್ಷಿತ ಗೆಲುವಿನ ಅವಕಾಶ ಹೆಚ್ಚುತ್ತದೆ. ಒಟ್ಟು ಯತ್ನಗಳು ನಿಜವಾದ ಕಾಲೇಜು ಪಂದ್ಯದ ಸಮೀಪಕ್ಕೆ ಬರುವವರೆಗೆ ಅವಧಿಯನ್ನು ಹೆಚ್ಚಿಸಿಕೊಂಡ ಮೇಲೆಯೇ ಆ ಸ್ಕೋರುಗಳಿಗೆ ಬೆಲೆ ಕೊಟ್ಟೆ.

ಇನ್ನು ನಿಜವಾದ ಋತು. ಡೇವಿಸ್ ವಾರನ್ ಮೊದಲ ಮೂರು ಪಂದ್ಯಗಳನ್ನು ಆರಂಭಿಸಿದರು, ಆಮೇಲೆ ಅಲೆಕ್ಸ್ ಓರ್ಜಿ ಬಂದರು, ಇಲಿನಾಯ್‌ನಲ್ಲಿ ಜ್ಯಾಕ್ ಟಟಲ್ ಆರಂಭಿಸಿದರು, ಕೊನೆಗೆ ಮತ್ತೆ ವಾರನ್. ಒಂದೇ ಋತುವಿನಲ್ಲಿ ಮೂವರು ಕ್ವಾರ್ಟರ್‌ಬ್ಯಾಕ್‌ಗಳು. ಟೆಕ್ಸಸ್ ವಿರುದ್ಧ 12-31, ವಾಷಿಂಗ್ಟನ್‌ನಲ್ಲಿ 17-27, ಇಲಿನಾಯ್‌ನಲ್ಲಿ 7-21, ಆರೆಗಾನ್ ವಿರುದ್ಧ 17-38, ಇಂಡಿಯಾನಾದಲ್ಲಿ 15-20 ಹೀಗೆ ಐದು ಸೋಲುಗಳು. 12 ನಿಯಮಿತ ಪಂದ್ಯಗಳಲ್ಲಿ ಒಟ್ಟು ಏಳು ಗೆಲುವುಗಳು. ಕ್ವಾರ್ಟರ್‌ಬ್ಯಾಕ್ ಸ್ಥಾನ ಕುಸಿದರೆ ಯಾವ ಪಂದ್ಯಗಳು ಜಾರುತ್ತವೆ ಎಂದು ಸ್ಪ್ರೆಡ್‌ಶೀಟ್ ತೋರಿಸಿತ್ತೋ ಅವುಗಳಲ್ಲಿ ವಾಷಿಂಗ್ಟನ್ ಮತ್ತು ಇಲಿನಾಯ್ ಎರಡೂ ಇದ್ದವು.

ಆದರೆ ಗೆಲುವುಗಳ ಸಂಖ್ಯೆ ಹೊಂದಿತೆಂದ ಮಾತ್ರಕ್ಕೆ ಋತುವೇ ಹೊಂದಿತೆಂದು ಹೇಳಲಾಗದು. ಸೆಪ್ಟೆಂಬರ್ 21ರಂದು ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡವನ್ನು ಮಿಶಿಗನ್ 27-24ರಿಂದ ಸೋಲಿಸಿದಾಗ ಎಸೆತದಿಂದ ಗಳಿಸಿದ್ದು ಒಟ್ಟು 32 ಗಜ ಮಾತ್ರ, ಉಳಿದದ್ದೆಲ್ಲ ಓಟ. 37 ಸೆಕೆಂಡು ಉಳಿದಿದ್ದಾಗ ನಾಲ್ಕನೆಯ ಯತ್ನದಲ್ಲಿ ಕಲೆಲ್ ಮಲ್ಲಿಂಗ್ಸ್ ಚೆಂಡು ಹಿಡಿದು ಎದುರಾಳಿಯ ಗೋಲ್ ಗೆರೆ ದಾಟಿದರು. ಅಷ್ಟು ಕಡಮೆ ಎಸೆತದಲ್ಲಿ ಗೆದ್ದ ಪಂದ್ಯ ನನ್ನ ದಾಖಲೆಯಲ್ಲಿ ಒಂದೂ ಇರಲಿಲ್ಲ. ತನ್ನ ದೌರ್ಬಲ್ಯವನ್ನು ಅರಿತ ತರಬೇತುದಾರ ಏನು ಮಾಡಬಹುದು ಎಂಬುದು ರೇಟಿಂಗ್‌ಗಳಲ್ಲಿ ಬರೆದಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಂಡಿಯಾನಾ ಇನ್ನೊಂದು ಬಗೆಯ ಪಾಠ. ಆ ತಂಡ 2023ರಲ್ಲಿ 12ರಲ್ಲಿ ಮೂರೇ ಪಂದ್ಯ ಗೆದ್ದಿತ್ತು. ಹೊಸ ತರಬೇತುದಾರ ಕರ್ಟ್ ಸಿಗ್ನೆಟ್ಟಿ ತಮ್ಮ ಹಿಂದಿನ ಕಾಲೇಜಾದ ಜೇಮ್ಸ್ ಮ್ಯಾಡಿಸನ್‌ನಿಂದ ಹಲವು ಆಟಗಾರರನ್ನು ಜೊತೆಗೆ ಕರೆತಂದರು. ಗೇಮ್‌ನಲ್ಲಿ ಮಿಶಿಗನ್‌ಗೆ ಸುಲಭವೆಂದು ಕಾಣುತ್ತಿದ್ದ ಆ ತಂಡ ನವೆಂಬರ್ 9ರಂದು ಮಿಶಿಗನ್ ಅನ್ನು ಸೋಲಿಸಿದಾಗ 10 ಪಂದ್ಯಗಳಲ್ಲಿ 10ನ್ನೂ ಗೆದ್ದಿತ್ತು, ಆ ವರ್ಷ 12 ತಂಡಗಳಿಗೆ ವಿಸ್ತರಿಸಿದ್ದ, ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೂ ಹೋಯಿತು. ಸವೆದ ಕಲ್ಲು ಎದುರಾಳಿಯ ತಟ್ಟೆಯಲ್ಲೂ ಇರಬಹುದು.

ನವೆಂಬರ್ 30ರಂದು ತನ್ನ ಊರಾದ ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್ ಮಿಶಿಗನ್ ವಿರುದ್ಧ ಸುಮಾರು 20 ಅಂಕಗಳ ಅಂತರದಿಂದ ಗೆಲ್ಲುವುದೆಂದು ಬಾಜಿ ಕಟ್ಟುವವರ ಅಂದಾಜಿತ್ತು. ವಿಲ್ ಜಾನ್ಸನ್ ಗಾಯಗೊಂಡು ಹೊರಗಿದ್ದರು, ಎಸೆತ ಹಿಡಿಯುವ ಮುಖ್ಯ ಟೈಟ್ ಎಂಡ್ ಕೋಲ್ಸ್ಟನ್ ಲವ್‌ಲ್ಯಾಂಡ್ ಕೂಡ ಆಡಲಿಲ್ಲ. 45 ಸೆಕೆಂಡು ಉಳಿದಿದ್ದಾಗ ಡೊಮಿನಿಕ್ ಜ್ವಾಡಾ 21 ಗಜ ದೂರದಿಂದ ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು (ಫೀಲ್ಡ್ ಗೋಲ್) ಮಿಶಿಗನ್‌ಗೆ 13-10ರ ಗೆಲುವು ತಂದರು; ಸೋತ ಒಹಾಯೊ ಸ್ಟೇಟ್ ಆಮೇಲೆ ಅದೇ ಋತುವಿನ ರಾಷ್ಟ್ರೀಯ ಚಾಂಪಿಯನ್ ಆಯಿತು. ನನ್ನ 12 ಕಾಲಂಗಳಲ್ಲಿ ಅತಿ ಕಡಮೆ ಸಂಭವನೀಯತೆ ಇದ್ದದ್ದು ಈ ಪಂದ್ಯಕ್ಕೆ. ಕಡಮೆ ಇತ್ತು, ಸೊನ್ನೆಯಿರಲಿಲ್ಲ. ಹಲವು ಸಲ ಓಡಿಸಿದವನ ಹಾಳೆಯಲ್ಲಿ ಅಂಥ ದಿನಕ್ಕೂ ಒಂದು ಜಾಗ ಇರುತ್ತದೆ.

ಋತು ಮುಗಿದ ಮೇಲೆ ಭವಿಷ್ಯವನ್ನು ಅಳೆಯಲು ನಾನು ಬಳಸಿದ್ದು ಬ್ರಯರ್ ಸ್ಕೋರ್. ಹೇಳಿದ ಸಂಭವನೀಯತೆಗೂ ಆದದ್ದಕ್ಕೂ ಇರುವ ವ್ಯತ್ಯಾಸದ ವರ್ಗವೇ ಅದು: ಶೇಕಡ 80 ಎಂದು ಹೇಳಿ ಗೆದ್ದರೆ 0.04, ಸೋತರೆ 0.64, ಎಲ್ಲಕ್ಕೂ ಅರ್ಧರ್ಧ ಎಂದವನಿಗೆ ಯಾವಾಗಲೂ 0.25. ಕಡಮೆ ಬಂದಷ್ಟೂ ಒಳ್ಳೆಯದು. ನನ್ನ 12 ಪಂದ್ಯಗಳ ಸರಾಸರಿಯನ್ನು ಕೆಡಿಸಿದ್ದು ಮುಖ್ಯವಾಗಿ ಇಂಡಿಯಾನಾ ಮತ್ತು ಒಹಾಯೊ ಸ್ಟೇಟ್, ಎರಡೇ ಪಂದ್ಯಗಳು. ಒಹಾಯೊ ಸ್ಟೇಟ್ ವಿಷಯದಲ್ಲಿ ಬದಲಿಸಬೇಕಾದ್ದು ಏನೂ ಕಾಣಲಿಲ್ಲ. ಇಂಡಿಯಾನಾ ವಿಷಯದಲ್ಲಿ ಕಂಡಿತು. ಎದುರಾಳಿಗೆ ಹೊಸ ತರಬೇತುದಾರ ಬಂದಿದ್ದು, ಆಟಗಾರರಲ್ಲಿ ಹೆಚ್ಚಿನವರು ಬೇರೆ ಕಾಲೇಜುಗಳಿಂದ ಬಂದವರಾಗಿದ್ದರೆ, ಗೇಮ್ ಕೊಟ್ಟ ಸಂಖ್ಯೆಯನ್ನು ಈಗ ಅರ್ಧದ ಕಡೆಗೆ ಎಳೆದು ಬರೆದುಕೊಳ್ಳುತ್ತೇನೆ, 80 ಬಂದಿದ್ದರೆ 70 ಎಂದು. ಸೋತಾಗ ತೆರುವ ಬೆಲೆ 0.64ರಿಂದ 0.49ಕ್ಕೆ ಇಳಿಯುತ್ತದೆ, ಗೆದ್ದಾಗ 0.04 ಇದ್ದದ್ದು 0.09 ಆಗುತ್ತದೆ. ಎಷ್ಟು ಎಳೆಯುವುದು ಸರಿ ಎಂಬುದನ್ನು ಒಂದು ತಂಡದ ಒಂದು ಋತುವಿನಿಂದ ತೀರ್ಮಾನಿಸಲಾಗದು. ಅದಕ್ಕಾಗಿ ಮಿಶಿಗನ್ ಆಡುವ ಬಿಗ್ ಟೆನ್ ಕಾನ್ಫರೆನ್ಸ್ ಎಂಬ ಕಾಲೇಜು ತಂಡಗಳ ಕೂಟದ 18 ತಂಡಗಳಿಗೂ ಇದೇ ಹಾಳೆಯನ್ನು ತಯಾರಿಸುತ್ತಿದ್ದೇನೆ.