ಈರುಳ್ಳಿಗೂ ಉಸಿರು ಕಟ್ಟುತ್ತೆ: ನನ್ನ ಅನುಭವ

"ಈರುಳ್ಳಿ ಕೂಡಿಟ್ಟೋನು ಕಣ್ಣೀರು ಕೂಡಿಟ್ಟ ಹಾಗೆ" ಅಂತ ನಮ್ಮ ಚಳ್ಳಕೆರೆ ಕಡೆ ನನ್ನ ಮುಖಕ್ಕೇ ಅಂದವರಿದ್ದಾರೆ. ಏಪ್ರಿಲ್‌ನಲ್ಲಿ ಕಿತ್ತ ಗಡ್ಡೆಯನ್ನು ಹೋದ ಸೆಪ್ಟೆಂಬರ್‌ನಲ್ಲಿ ಲಾರಿಗೆ ಹಾಕುವಾಗ ಅವರೇ ಬಂದು ಚೀಲ ಬಿಚ್ಚಿ ಮೂಸಿ ನೋಡಿದರು. ಅದಕ್ಕೇ ಬರೀತಿದೀನಿ.

ಮೊದಲ ವರ್ಷ ನೂರು ಪ್ಯಾಕೆಟ್ (ಪ್ಯಾಕೆಟ್ ಅಂದರೆ ಐವತ್ತು ಕೆಜಿ ಚೀಲ) ಗೋಡೌನ್‌ನಲ್ಲಿ ಪೇರಿಸಿ, ಕಳ್ಳರ ಭಯಕ್ಕೆ ಕಿಟಕಿಗೂ ತಗಡು ಹೊಡೆದೆ. ಮೂರು ವಾರ ಬಿಟ್ಟು ಬಾಗಿಲು ತೆಗೆದರೆ ಒಳಗೆ ಬಚ್ಚಲುಮನೆ ಹಂಡೆ ಪಕ್ಕ ನಿಂತಂಗೆ ಬಿಸಿ. ಚೀಲದೊಳಗೆ ಕೈ ಹಾಕಿದರೆ ಒದ್ದೆ. ಹತ್ತಿರ ಹತ್ತಿರ ಅರವತ್ತು ಪ್ಯಾಕೆಟ್ ತಿಪ್ಪೆ ಪಾಲು. ಉಳಿದದ್ದರ ತೂಕವೂ ಇಳಿದಿತ್ತು. ಆಳಿನ ಮೇಲೆ ಅನುಮಾನ ಪಟ್ಟು ಬೈದೂಬಿಟ್ಟೆ. ಎರಡನೇ ವರ್ಷ ಬಯಲಲ್ಲಿ ಹರವಿದೆ, ಆದರೆ ಅಂದವಾಗಿ ಕಾಣಲಿ ಅಂತ ಕತ್ತನ್ನು, ಅಂದರೆ ಗಡ್ಡೆ ಮೇಲಿನ ಎಲೆಯ ಬುಡವನ್ನು, ಗಡ್ಡೆಗೆ ಸಮ ಕೊಯ್ಸಿದೆ. ಕೊಳೆ ಅಲ್ಲಿಂದಲೇ ಒಳಗಿಳೀತು. ಆ ಲೆಕ್ಕ ಹೆಂಡತಿಗೆ ಇವತ್ತಿಗೂ ಪೂರ್ತಿ ಹೇಳಿಲ್ಲ.

ದಾರಿ ತೋರಿಸಿದ್ದು ಮಗಳ ವಿಜ್ಞಾನ ಪಾಠ. ಮುಚ್ಚಳ ಬಿಗಿಯಾದ ಡ್ರಮ್ಮಿಗೆ ಹತ್ತು ಕೆಜಿ ಒಣ ಗಡ್ಡೆ ಹಾಕಿ, ಮೇಲೆ ಬಟ್ಟಲಲ್ಲಿ ಸುಣ್ಣದ ತಿಳಿ ಇಟ್ಟು ಮುಚ್ಚಿದಳು. ಬೆಳಗ್ಗೆ ತಿಳಿಯ ಮೇಲೆ ಬಿಳೀ ಕೆನೆ. ಉರಿಯೋ ಮೇಣದಬತ್ತಿ ಇಳಿಸಿದರೆ ಪಕ್ಕನೆ ಆರಿತು. ನಾವು ಬಿಟ್ಟ ಉಸಿರೂ ಸುಣ್ಣದ ತಿಳಿಯನ್ನ ಹಂಗೇ ಬೆಳ್ಳಗೆ ಮಾಡುತ್ತಲ್ಲ! ಕಿತ್ತ ಮೇಲೂ ಗಡ್ಡೆ ತನ್ನ ಸಕ್ಕರೆ ಸುಟ್ಟುಕೊಂಡು ಉಸಿರಾಡ್ತಾನೇ ಇರುತ್ತೆ; ಬಿಸಿ ಬಂದದ್ದು ಅದರಿಂದ. ತೂಕದಲ್ಲಿ ಹೆಚ್ಚಿನ ಪಾಲು ನೀರು ಆರಿ ಹೋದದ್ದು, ಒಂದಿಷ್ಟು ಆ ಉಸಿರಲ್ಲಿ ಹೋದದ್ದು. ಮಾರನೇ ದಿನ ಆಳಿಗೆ ಚಾ ಕುಡಿಸಿ ತಪ್ಪಾಯ್ತು ಅಂದೆ.

ಆಮೇಲೆ ಬಿದಿರಿನ ಶೆಡ್. ನೆಲದಿಂದ ಒಂದೂವರೆ ಅಡಿ ಮೇಲೆ ಅಟ್ಟ, ರಾಶಿ ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಉದ್ದ ಸುಮಾರು ಇಪ್ಪತ್ತೈದು ಅಡಿ. ಅಗಲ ಮಾತ್ರ ಜಾಸ್ತಿ ಮಾಡಬೇಡಿ, ನಡುವಿನ ಗಡ್ಡೆಗೆ ಉಸಿರು ಕಟ್ಟುತ್ತೆ. ಹೊದಿಕೆಗೆ ಹೊಳಲ್ಕೆರೆ ಕಡೆಯಿಂದ ತಂದ ಅಡಿಕೆ ಸೋಗೆ. ಕೀಳೋ ಮುಂಚೆ ಹನ್ನೆರಡು ದಿನ ನೀರು ಬಂದ್, ಕತ್ತು ಒಂದಿಂಚು ಬಿಟ್ಟು ಕೊಯ್ಲು, ನೆರಳಲ್ಲಿ ಹತ್ತು ದಿನ ಆರಿಸಿದೆ. ಮುಂಗಾರು ಗಡ್ಡೆಯನ್ನ ಇದರಲ್ಲಿಡೋ ಸಾಹಸ ಬೇಡ, ಅದರ ಮೈತುಂಬ ನೀರು.

ಮಧ್ಯೆ ಒಂದು ಹುಚ್ಚಾಟ: ತಂಪಲ್ಲಿ ಇನ್ನೂ ಬಾಳುತ್ತೇನೋ ಅಂತ ಫ್ರಿಜ್‌ನ ತರಕಾರಿ ಡಬ್ಬಿಯಲ್ಲಿ ಹತ್ತು ಗಡ್ಡೆ ಇಟ್ಟೆ. ಶೆಡ್ಡಿನವು ಸುಮ್ಮನೆ ಮಲಗಿದ್ದರೆ ಇವು ಹಸಿರು ಕೋಡು ಬಿಟ್ಟವು. ಅರೆತಂಪು ಅಂದರೆ ಈರುಳ್ಳಿಗೆ ಏಳೋ ಹೊತ್ತು ಅಂತ ಆಗ ಗೊತ್ತಾಯ್ತು. ಬೆಳ್ಳುಳ್ಳಿ ಮೇಲೂ ಏನೇನೋ ಮಾಡಿದೆ, ಅದು ಬೇರೆ ಕಥೆ.

ದುಡ್ಡಿನ ವಿಚಾರ. ಇಟ್ಟದ್ದು 120 ಪ್ಯಾಕೆಟ್, ಐದು ತಿಂಗಳ ಮೇಲೆ ತೂಗಿದ್ದು 88. ಏಪ್ರಿಲ್‌ನಲ್ಲಿ ಕೆಜಿಗೆ ಒಂಬತ್ತು ರೂಪಾಯಿ ಕೇಳಿದ್ದರು. ಯಶವಂತಪುರದಲ್ಲಿ ಇಪ್ಪತ್ನಾಲ್ಕಕ್ಕೆ ಹೋಯ್ತು. ಶೆಡ್ಡಿಗೆ 45 ಸಾವಿರದಷ್ಟು ಆಗಿತ್ತು, ಅದನ್ನ ಕಳೆದರೆ ಏಪ್ರಿಲ್‌ನಲ್ಲೇ ಮಾರೋದಕ್ಕಿಂತ ಆರೇಳು ಸಾವಿರ ಜಾಸ್ತಿ, ಅಷ್ಟೇ. ಶೆಡ್ ಇನ್ನೂ ಗಟ್ಟಿ ನಿಂತಿದೆ.

ಅಟ್ಟದ ಮೇಲೆ ಮೊದಲು ಏನು ಹಾಸ್ತೀನಿ, ಜುಲೈ ಜಡಿಮಳೆಯಲ್ಲಿ ರಾತ್ರಿ ಏನು ಮಾಡ್ತೀನಿ ಅನ್ನೋದು ಇಲ್ಲಿ ಬರೆಯಲ್ಲ. ಮೂಸಿ ನೋಡಿದವರೇ ಈಗ ಹೆಜ್ಜೆ ಹಾಕಿ ಶೆಡ್ಡಿನ ಅಳತೆ ತಗೊಂಡು ಹೋಗ್ತಿದಾರೆ. ಅವರೂ ಒಂದು ವರ್ಷ ತಿಪ್ಪೆಗೆ ಸುರೀಲಿ, ಆಮೇಲೆ ಹೇಳ್ತೀನಿ.